ಸೆರೆಬ್ರಲ್ ಪಾಲ್ಸಿ ಇರುವ ಆರು ವರ್ಷದ ಮಗ: ಸರ್ಕಾರದಿಂದ ಏನು ಸಿಗುತ್ತದೆ, ಎಲ್ಲಿ ತಡೆಯಾಗುತ್ತದೆ?

ಪ್ರಶ್ನೆ: ನಾವು ಉತ್ತರ ಕರ್ನಾಟಕದ ಹಳ್ಳಿಯವರು. ಮಗನಿಗೆ ಆರು ವರ್ಷ ತುಂಬಿದೆ. ಹುಟ್ಟುವಾಗ ಉಸಿರುಕಟ್ಟಿ ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆಗೆ ಬರುವ ತೊಂದರೆ) ಆಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಹಿಡಿದುಕೊಂಡರೆ ನಿಲ್ಲುತ್ತಾನೆ, ನಡೆಯಲು ಬರುವುದಿಲ್ಲ. ಮಾತು, ತಿಳಿವಳಿಕೆ ವಯಸ್ಸಿಗೆ ತಕ್ಕಷ್ಟಿಲ್ಲ. ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನಲ್ಲಿ ಕೈಕಾಲಿನ ವೈಕಲ್ಯ ಶೇ. 60 ಎಂದಿದೆ. ತಿಂಗಳಿಗೆ 800 ರೂ. ಮಾಸಾಶನ ಬರುತ್ತಿದ್ದದ್ದು ಈಗ ಕೆಲವು ತಿಂಗಳಿಂದ ನಿಂತುಹೋಗಿದೆ. ಮನೆಯವರದು ಕೂಲಿ ಕೆಲಸ, ಬಿಪಿಎಲ್ ಕಾರ್ಡ್ ಇದೆ. ಇನ್ನೇನು ಸೌಲಭ್ಯಗಳಿವೆ? ಶಿಕ್ಷಕನಾಗಿರುವ ನನ್ನ ಅಣ್ಣ ಔಷಧದ ಖರ್ಚು ನೋಡಿಕೊಳ್ಳುತ್ತಾನೆ, ಅವನಿಗೆ ಆದಾಯ ತೆರಿಗೆಯಲ್ಲಿ ಕಡಿತ ಸಿಗುತ್ತದೆಯೇ?

ಉತ್ತರ:

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನಿಂತುಹೋದ ಮಾಸಾಶನವಲ್ಲ, ಆ ಶೇ. 60. ಮಗನಿಗೆ ಮಾತು, ತಿಳಿವಳಿಕೆ ಹಿಂದಿದೆ ಎಂದು ನೀವೇ ಬರೆದಿದ್ದೀರಿ. ಕಾರ್ಡಿನಲ್ಲಿ ಇರುವುದು ಕೈಕಾಲಿನ ಲೆಕ್ಕ ಮಾತ್ರ. ಅಂದರೆ ಅವನ ಅರ್ಧ ಕಷ್ಟವನ್ನು ಇನ್ನೂ ಯಾರೂ ಅಳೆದೇ ಇಲ್ಲ. ಮಾಸಾಶನದ ದರ, ಕಾರ್ಡಿನ ಬಣ್ಣ, ರೈಲಿನ ರಿಯಾಯಿತಿ, ಮುಂದೆ ಹದಿನೆಂಟು ತುಂಬಿದಾಗ ಸಿಗಬಹುದಾದ ಪಿಂಚಣಿ ಎಲ್ಲವೂ ಈ ಒಂದು ವೈಕಲ್ಯ ಪ್ರಮಾಣಪತ್ರದ ಮೇಲೆ ನಿಂತಿವೆ. ಆದ್ದರಿಂದ ಅದರಿಂದಲೇ ಶುರು ಮಾಡುತ್ತೇನೆ, ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಸೆರೆಬ್ರಲ್ ಪಾಲ್ಸಿ ಚಲನವೈಕಲ್ಯದ ಗುಂಪಿಗೆ ಸೇರುತ್ತದೆ, ಬೌದ್ಧಿಕ ವೈಕಲ್ಯ ಬೇರೆಯದೇ ಗುಂಪು. ಒಂದೇ ಮಗುವಿಗೆ ಎರಡೂ ಇದ್ದರೆ ಅದು ಬಹುವಿಧ ವೈಕಲ್ಯ. ಆಗ ಎರಡೂ ಶೇಕಡಾವಾರನ್ನು ಸುಮ್ಮನೆ ಕೂಡಿಸುವುದಿಲ್ಲ, ಅದಕ್ಕೊಂದು ಸೂತ್ರವಿದೆ. 90ರಿಂದ ದೊಡ್ಡ ಅಂಕಿಯನ್ನು ಕಳೆಯಬೇಕು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಬೇಕು, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಬೇಕು. ನಿಮ್ಮ ಮಗನ ಚಲನವೈಕಲ್ಯ 60. ಬೌದ್ಧಿಕ ವೈಕಲ್ಯ ಸೌಮ್ಯ ಮಟ್ಟದ್ದೆಂದು ಬಂದರೆ ಅದಕ್ಕೆ 50. 90ರಲ್ಲಿ 60 ಕಳೆದರೆ 30, ಅದನ್ನು 50ರಿಂದ ಗುಣಿಸಿ 90ರಿಂದ ಭಾಗಿಸಿದರೆ ಸುಮಾರು 17, ಒಟ್ಟು 77. ಮಧ್ಯಮ ಮಟ್ಟದ್ದೆಂದು ಬಂದರೆ ಅದಕ್ಕೆ 75, ಆಗ ಒಟ್ಟು 85.

ಈ ವ್ಯತ್ಯಾಸ ಸಣ್ಣದಲ್ಲ. ಕರ್ನಾಟಕದ ಮಾಸಾಶನ ಶೇ. 40ರಿಂದ 74ರವರೆಗೆ 800 ರೂ., 75 ಮತ್ತು ಅದಕ್ಕಿಂತ ಹೆಚ್ಚಿದ್ದರೆ 1,400 ರೂ. ವರ್ಷಕ್ಕೆ 7,200 ರೂ. ಅಂತರ. ಅವನಿಗೆ ಹದಿನೆಂಟು ತುಂಬುವವರೆಗೆ ಲೆಕ್ಕ ಹಾಕಿದರೆ 86,400 ರೂ. ಆಗುತ್ತದೆ. ಒಂದು ಪರೀಕ್ಷೆ ಮಾಡಿಸದ ಕಾರಣಕ್ಕೆ ಇಷ್ಟು ಹಣ ಕೈಬಿಟ್ಟುಹೋಗುವುದು ನನಗೆ ಸಹಿಸಲಾಗದ ಸಂಗತಿ. ಬೌದ್ಧಿಕ ವೈಕಲ್ಯವೇ ಶೇ. 75 ದಾಟಿದ್ದರೆ ಇನ್ನೂ ಹೆಚ್ಚಿನ ದರ ಇದೆ, ನಾಡಕಚೇರಿಯಲ್ಲಿ ಅದನ್ನು ಹೆಸರಿಟ್ಟೇ ಕೇಳಿ.

ಮರುಮೌಲ್ಯಮಾಪನಕ್ಕೆ ಯುಡಿಐಡಿಯ ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕಿಗೆ ಒಬ್ಬರು ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ಅರ್ಜಿ ತುಂಬಿಸುವುದು ಅವರ ಕೆಲಸವೇ. ಯುಡಿಐಡಿಗೆ ಶುಲ್ಕವಿಲ್ಲ, ದಲ್ಲಾಳಿ ಕೈಗೆ ಹಣ ಕೊಡಬೇಡಿ. ಬೌದ್ಧಿಕ ಮೌಲ್ಯಮಾಪನಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ (ಮನಶ್ಶಾಸ್ತ್ರ ತಜ್ಞರು) ಬೇಕು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಇಲ್ಲವೆಂದರೆ ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಗೆ ಬರೆದುಕೊಡುವಂತೆ ಕೇಳಿ. ಹುಟ್ಟುವಾಗ ಉಸಿರುಕಟ್ಟಿದ ಮಕ್ಕಳಲ್ಲಿ ಕಿವಿ, ಕಣ್ಣಿಗೂ ಪೆಟ್ಟು ಬಿದ್ದಿರುವುದುಂಟು. ಶ್ರವಣ ಪರೀಕ್ಷೆ, ದೃಷ್ಟಿ ಪರೀಕ್ಷೆ ಆಗಿಲ್ಲದಿದ್ದರೆ ಜೊತೆಯಲ್ಲೇ ಮಾಡಿಸಿ. ಮಾತು ಬಾರದಿರುವುದಕ್ಕೆ ಕಿವಿ ಕೇಳದಿರುವುದೂ ಕಾರಣವಾಗಿರಬಹುದು. ಇದು ಹಣಕ್ಕಿಂತ ಮಿಗಿಲಾದ ವಿಷಯ.

ಪರೀಕ್ಷೆಯ ದಿನದ ಬಗ್ಗೆ ಒಂದು ಮಾತು. ಬುದ್ಧಿಮಟ್ಟದ ಪರೀಕ್ಷೆಯ ಜೊತೆಗೆ ವೈನ್‌ಲ್ಯಾಂಡ್ ಮಾಪಕ ಎಂಬ ಪ್ರಶ್ನಾವಳಿ ಇರುತ್ತದೆ. ಅದರ ಬಹುಪಾಲು ಉತ್ತರ ಕೊಡಬೇಕಾದವರು ತಾಯಿ: ತಾನೇ ಊಟ ಮಾಡುತ್ತಾನೆಯೇ, ಬಟ್ಟೆ ಹಾಕಿಕೊಳ್ಳುತ್ತಾನೆಯೇ, ಹೊಲಸು ಮಾಡಿಕೊಳ್ಳುವ ಮುನ್ನ ಹೇಳುತ್ತಾನೆಯೇ ಎಂಬಂಥ ಪ್ರಶ್ನೆಗಳು. ಎಷ್ಟೋ ತಾಯಂದಿರು ಮಗುವಿನ ಮೇಲಿನ ಮಮತೆಯಿಂದ ‘ಮಾಡ್ತಾನ್ರೀ’ ಎಂದುಬಿಡುತ್ತಾರೆ. ನೀವು ತುತ್ತು ಕಲಸಿ ಕೈಗಿಟ್ಟಾಗ ಬಾಯಿಗೆ ಹಾಕಿಕೊಳ್ಳುವುದು ‘ತಾನೇ ಊಟ ಮಾಡುವುದು’ ಆಗುವುದಿಲ್ಲ. ಯಾರ ನೆರವೂ ಇಲ್ಲದೆ, ಎಂದಿನ ದಿನದಲ್ಲಿ ಏನು ಮಾಡುತ್ತಾನೋ ಅಷ್ಟನ್ನೇ ಹೇಳಿ. ಇಲ್ಲದ್ದನ್ನು ಸೇರಿಸುವುದೂ ಬೇಡ. ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದರೆ ಅಥವಾ ಫಿಟ್ಸ್ ಬಂದಿದ್ದರೆ ಅಂದು ಪರೀಕ್ಷೆ ಬೇಡವೆಂದು ಹೇಳಿ ಬೇರೆ ದಿನ ಕೇಳಿ. ಹಳೆಯ ಡಿಸ್ಚಾರ್ಜ್ ಸಾರಾಂಶ, ಎಂಆರ್‌ಐ ವರದಿ, ಫಿಸಿಯೋಥೆರಪಿ ಚೀಟಿಗಳನ್ನೆಲ್ಲ ಒಯ್ಯಿರಿ. ಮರುಮೌಲ್ಯಮಾಪನದಲ್ಲಿ ಚಲನವೈಕಲ್ಯದ ಅಂಕಿ ಮೇಲೆ ಕೆಳಗೆ ಆಗುವ ಸಾಧ್ಯತೆಯೂ ಇದೆ, ಅದು ಗೊತ್ತಿರಲಿ. ಆದರೂ ನಿಮ್ಮ ವಿಷಯದಲ್ಲಿ ಮಾಡಿಸುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ.

2024ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಕಾರ್ಡ್, 40ರಿಂದ 79 ಹಳದಿ, 80ರಿಂದ ಮೇಲೆ ನೀಲಿ. ಮಕ್ಕಳ ಪ್ರಮಾಣಪತ್ರ ಹೆಚ್ಚಾಗಿ ತಾತ್ಕಾಲಿಕವಾಗಿರುತ್ತದೆ, ನಿಮ್ಮದನ್ನು ಈಗಲೇ ತೆಗೆದು ಯಾವ ದಿನಾಂಕದವರೆಗೆ ಎಂದು ನೋಡಿ. ಅವಧಿ ಮುಗಿಯುವ ಮೂರು ನಾಲ್ಕು ತಿಂಗಳ ಮೊದಲೇ ನವೀಕರಣದ ಅರ್ಜಿ ಹಾಕಿ.

ನಿಂತ ಮಾಸಾಶನ

ಇದಕ್ಕೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಮೊದಲನೆಯದು ಈಗಷ್ಟೇ ಹೇಳಿದ ಪ್ರಮಾಣಪತ್ರದ ಅವಧಿ. ಐದು ವರ್ಷದೊಳಗೆ ಕೊಟ್ಟ ಪ್ರಮಾಣಪತ್ರ ಐದು ತುಂಬುವಾಗ ಮುಗಿದಿರಬಹುದು.

ಎರಡನೆಯದು ಆಧಾರ್. ಐದು ವರ್ಷದೊಳಗಿನ ಮಕ್ಕಳ ನೀಲಿ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಇರುವುದಿಲ್ಲ. ಐದು ತುಂಬಿದ ಮೇಲೆ ಕೊಡಿಸಬೇಕು. ಏಳು ದಾಟಿದರೂ ಕೊಡಿಸದಿದ್ದರೆ ಆಧಾರ್ ನಿಷ್ಕ್ರಿಯವಾಗಬಹುದು. ನಿಮ್ಮ ಮಗನಿಗೆ ಆರು, ಈಗಲೇ ಮಾಡಿಸಿ. ಐದರಿಂದ ಏಳರ ನಡುವೆ ಇದು ಉಚಿತ. ಬಿಗಿದ ಬೆರಳು ಬಿಡಿಸಲಾಗದಿದ್ದರೆ, ಕಣ್ಣು ನಿಲ್ಲಿಸಲಾಗದಿದ್ದರೆ ‘ಆಗಲ್ಲ’ ಎಂದು ವಾಪಸ್ ಕಳಿಸಲು ಅವಕಾಶವಿಲ್ಲ. ಸಿಕ್ಕಷ್ಟು ಗುರುತು ತೆಗೆದುಕೊಂಡು ಉಳಿದದ್ದನ್ನು ಬಯೋಮೆಟ್ರಿಕ್ ವಿನಾಯಿತಿ ಎಂದು ದಾಖಲಿಸುವ ವ್ಯವಸ್ಥೆ ಆಪರೇಟರ್ ಬಳಿ ಇದೆ.

ಮೂರನೆಯದು ಬ್ಯಾಂಕ್ ಖಾತೆ. ಜನರು ಹೆಚ್ಚು ಎಡವುವುದು ಇಲ್ಲೇ. ಖಾತೆಗೆ ಆಧಾರ್ ಜೋಡಿಸುವುದು ಒಂದು, ಸರ್ಕಾರದ ಹಣ ಬರಲು ಆ ಆಧಾರ್ ಅನ್ನು ಬ್ಯಾಂಕುಗಳ ನಡುವಿನ ಹಣ ಪಾವತಿ ನಡೆಸುವ ಎನ್‌ಪಿಸಿಐನಲ್ಲಿ ಆ ಖಾತೆಗೆ ನಮೂದಿಸುವುದು ಇನ್ನೊಂದು. ಮೊದಲನೆಯದು ಆಗಿದ್ದು ಎರಡನೆಯದು ಆಗದೆ ಹಣ ನಿಲ್ಲುವುದು ದಿನನಿತ್ಯದ ಸಂಗತಿ. ಒಂದು ಆಧಾರ್‌ಗೆ ಒಂದೇ ಖಾತೆ ನಮೂದಾಗಿರುತ್ತದೆ. ಶಾಲೆಗೆ ಸೇರಿಸುವಾಗ ವಿದ್ಯಾರ್ಥಿವೇತನಕ್ಕೆಂದು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆಸಿದ್ದರೆ ಮಾಸಾಶನ ಅಲ್ಲಿ ಜಮೆಯಾಗುತ್ತಿರಬಹುದು, ಆ ಪಾಸ್‌ಬುಕ್ಕನ್ನೂ ಎಂಟ್ರಿ ಮಾಡಿಸಿ ನೋಡಿ. ಯಾವ ಬ್ಯಾಂಕಿಗೆ ನಮೂದಾಗಿದೆ ಎಂಬುದನ್ನು ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬಲ್ಲಿ ತಿಳಿಯಬಹುದು. ಬ್ಯಾಂಕಿಗೆ ಹೋದಾಗ ‘ಆಧಾರ್ ಲಿಂಕ್ ಮಾಡಿ’ ಎನ್ನಬೇಡಿ, ‘ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿ’ ಎಂದೇ ಹೇಳಿ. ಡಿಬಿಟಿ ಎಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದು. ಖಾತೆ ಮಗನ ಹೆಸರಲ್ಲಿರಲಿ, ಪೋಷಕರ ಜಾಗದಲ್ಲಿ ನಿಮ್ಮ ಹೆಸರಿರಲಿ. ಆಧಾರ್, ಯುಡಿಐಡಿ, ಪಾಸ್‌ಬುಕ್ ಮೂರರಲ್ಲೂ ಹೆಸರು, ಇನಿಶಿಯಲ್, ಹುಟ್ಟಿದ ದಿನಾಂಕ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಬೇರೆಯಿದ್ದರೆ ಜನನ ಪ್ರಮಾಣಪತ್ರದಂತೆ ಮೊದಲು ಆಧಾರ್ ತಿದ್ದಿಸಿ, ಆಮೇಲೆ ಉಳಿದವು.

ಈ ಮೂರೂ ಸರಿಯಿದ್ದರೆ ನಾಡಕಚೇರಿಗೆ ಹೋಗಿ ಮಾಸಾಶನದ ಆದೇಶ ಸಂಖ್ಯೆ ಕೊಟ್ಟು ಯಾವ ಕಾರಣಕ್ಕೆ ತಡೆಹಿಡಿದಿದ್ದಾರೆ ಎಂದು ಕೇಳಿ. ವಾರ್ಷಿಕ ಪರಿಶೀಲನೆಗೆ ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದಾಗ ನೀವು ಆಸ್ಪತ್ರೆಯಲ್ಲಿದ್ದು, ‘ವಾಸವಿಲ್ಲ’ ಎಂದು ದಾಖಲಾಗಿರುವುದೂ ಉಂಟು. ಕುಟುಂಬದ ವಾರ್ಷಿಕ ಆದಾಯ 32,000 ರೂ. ಒಳಗೆ ಎಂಬ ಮಿತಿ ಇದೆ, ಆದ್ದರಿಂದ ಆದಾಯ ಪ್ರಮಾಣಪತ್ರವೂ ಚಾಲ್ತಿಯಲ್ಲಿರಬೇಕು. ಈ ಮಿತಿ ಇಂದಿನ ಕೂಲಿಯ ದರಕ್ಕೆ ಹೋಲಿಸಿದರೆ ತೀರಾ ಕಡಿಮೆ. ಮಗುವಿನ ಆರೈಕೆಗೆ ಒಬ್ಬರು ಮನೆಯಲ್ಲೇ ಉಳಿಯಬೇಕಾದ ಕುಟುಂಬಕ್ಕೆ ಅದು ಅನ್ಯಾಯವೆಂದೇ ನನಗನ್ನಿಸುತ್ತದೆ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿ ಹದಿನೆಂಟು ತುಂಬಿದ, ಶೇ. 80 ವೈಕಲ್ಯವಿರುವ ಬಿಪಿಎಲ್‌ನವರಿಗೆ ಮಾತ್ರ. ಅದರ ನಿಯಮ ತೋರಿಸಿ ‘ಮಕ್ಕಳಿಗೆ ಬರುವುದಿಲ್ಲ’ ಎಂದರೆ ಒಪ್ಪಬೇಡಿ. ರಾಜ್ಯದ ಮಾಸಾಶನಕ್ಕೆ ವಯಸ್ಸಿನ ಕಟ್ಟುಪಾಡಿಲ್ಲ. ನಿಮಗೆ ಗೃಹಲಕ್ಷ್ಮಿ ಬರುತ್ತಿದ್ದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಮನೆಯ ಯಜಮಾನಿಯ ಹಣ, ಇದು ಮಗನದು.

ಇದರ ಮೇಲೆ, ಪೂರ್ತಿ ಬೇರೆಯವರನ್ನೇ ಅವಲಂಬಿಸಿದ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಪೀಡಿತರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂ. ಆರೈಕೆದಾರರ ಭತ್ಯೆಯನ್ನು ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಘೋಷಿಸಿತು. ಇದು ಮಾಸಾಶನದ ಜೊತೆ ತಾನಾಗಿ ಬರುವುದಿಲ್ಲ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಬೇರೆಯಾಗಿ ವಿಚಾರಿಸಬೇಕು. ನಿಮ್ಮ ಮಗನಂಥ ಮಗುವಿಗೆ ಇದನ್ನು ಕೇಳದೆ ಬಿಡಬೇಡಿ.

ಚಿಕಿತ್ಸೆ, ಥೆರಪಿ ಖರ್ಚು

ಕೇಂದ್ರದ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ನಡೆಸುವ ನಿರಾಮಯ ಆರೋಗ್ಯ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಈ ನಾಲ್ಕಕ್ಕೆ ಮಾತ್ರ. ವರ್ಷಕ್ಕೆ 1 ಲಕ್ಷ ರೂ.ವರೆಗೆ ರಕ್ಷಣೆ. ಬಿಪಿಎಲ್‌ನವರಿಗೆ ನೋಂದಣಿ 250 ರೂ., ನವೀಕರಣ 50 ರೂ. ಎಪಿಎಲ್‌ನವರಿಗೆ ನೋಂದಣಿ 500, ನವೀಕರಣ 250. ಮೊದಲೇ ಇರುವ ಕಾಯಿಲೆ ಎಂದು ತಳ್ಳಿಹಾಕುವುದಿಲ್ಲ, ವೈದ್ಯಕೀಯ ತಪಾಸಣೆ ಕೇಳುವುದಿಲ್ಲ. ಬೇರೆ ವಿಮೆಗಳು ಮುಟ್ಟದ ಹೊರರೋಗಿ ಚಿಕಿತ್ಸೆ, ಔಷಧ, ಫಿಸಿಯೋಥೆರಪಿ, ಸ್ಪೀಚ್ ಥೆರಪಿಗೂ ಇದರಲ್ಲಿ ಹಣ ಇದೆ. ಒಂದೊಂದಕ್ಕೂ ಒಳಮಿತಿ ಇರುವುದರಿಂದ ಪೂರ್ತಿ ಲಕ್ಷವನ್ನೂ ಥೆರಪಿಗೆ ಬಳಸಲಾಗದು.

ನಿರಾಮಯದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಫೆಬ್ರವರಿಯಲ್ಲಿ ಸೇರಿದರೂ ಮಾರ್ಚ್ ಕೊನೆಗೆ ಮುಗಿಯುತ್ತದೆ. ಮೊದಲು ಕೈಯಿಂದ ಖರ್ಚು ಮಾಡಿ ಆಮೇಲೆ ಬಿಲ್ ಕಳಿಸಿ ವಾಪಸ್ ಪಡೆಯುವ ಕ್ರಮ ಇದು. ಹಣ ಬರದಿರಲು ಮುಖ್ಯ ಕಾರಣ, ಬಿಲ್‌ಗಳನ್ನು ಕೂಡಿಟ್ಟು ವರ್ಷದ ಕೊನೆಗೆ ಕಳಿಸುವುದು. ಚಿಕಿತ್ಸೆಯಾದ 30 ದಿನದೊಳಗೆ ಕಳಿಸಬೇಕು. ಮೂಲ ಬಿಲ್, ಅದಕ್ಕೆ ಹೊಂದುವ ವೈದ್ಯರ ಚೀಟಿ, ಥೆರಪಿಯಾದರೆ ಯಾವ ದಿನ ಎಷ್ಟು ಎಂಬ ವಿವರ, ಥೆರಪಿಸ್ಟ್‌ರ ಸಹಿ, ಮೊಹರು ಇರಬೇಕು. ಬಿಳಿ ಹಾಳೆಯಲ್ಲಿ ಬರೆದ ರಸೀದಿ ನಡೆಯುವುದಿಲ್ಲ. ಕಳಿಸುವ ಮುನ್ನ ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ. ರಾಷ್ಟ್ರೀಯ ನ್ಯಾಸದಲ್ಲಿ ನೋಂದಾಯಿತವಾದ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು, ನಿಮ್ಮ ಜಿಲ್ಲೆಯಲ್ಲಿ ಅದು ಯಾವುದೆಂದು ಕಲ್ಯಾಣಾಧಿಕಾರಿ ಕಚೇರಿಯಲ್ಲಿ ತಿಳಿಯುತ್ತದೆ.

ಸ್ನಾಯು ಬಿಡಿಸುವಂಥ ಶಸ್ತ್ರಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ. ಇದನ್ನು ಮೊದಲು ಬಳಸಿ, ನಿರಾಮಯವನ್ನು ಥೆರಪಿ ಮತ್ತು ಔಷಧಕ್ಕೆ ಉಳಿಸಿಕೊಳ್ಳಿ. ಜಿಲ್ಲೆಯಲ್ಲಿ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮ) ಅಡಿಯ ಡಿಇಐಸಿ ಎಂಬ ಮಕ್ಕಳ ಚಿಕಿತ್ಸಾ ಕೇಂದ್ರ ಇದ್ದರೆ ಫಿಸಿಯೋಥೆರಪಿ ಉಚಿತ. ಅಲ್ಲಿಗೆ ಹೋಗಿಬರುವ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನಿಮಗೆ ಪ್ರಯಾಣ ಉಚಿತ. ಮಗನಿಗೆ ವರ್ಷಕ್ಕೆ 660 ರೂ. ರಿಯಾಯಿತಿ ಪಾಸ್ ಮಾಡಿಸಿದರೆ ಊರಿಂದ 100 ಕಿ.ಮೀ. ವ್ಯಾಪ್ತಿಯಲ್ಲಿ ಓಡಾಡಬಹುದು, ಅರ್ಜಿ ಸೇವಾ ಸಿಂಧುವಿನಲ್ಲಿ. ರೈಲಿನಲ್ಲಿ ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಮಗುವಿಗೂ ಜೊತೆಯಲ್ಲಿ ಹೋಗುವ ಒಬ್ಬರಿಗೂ ಸ್ಲೀಪರ್ ದರ್ಜೆಯಲ್ಲಿ ಶೇ. 75 ರಿಯಾಯಿತಿ ಇದೆ. ಅದಕ್ಕೆ ರೈಲ್ವೆಯದೇ ನಮೂನೆಯಲ್ಲಿ ವೈದ್ಯರು ‘ಜೊತೆಗಾರರಿಲ್ಲದೆ ಪ್ರಯಾಣಿಸಲಾಗದು’ ಎಂದು ಬರೆದುಕೊಡಬೇಕು.

ಸಾಧನ, ಸಲಕರಣೆ

ಸೆರೆಬ್ರಲ್ ಪಾಲ್ಸಿ ಮಕ್ಕಳ ಕುರ್ಚಿ (ಸಿಪಿ ಕುರ್ಚಿ), ವಾಕರ್, ಕಾಲಿಗೆ ಕಟ್ಟುವ ಕ್ಯಾಲಿಪರ್, ಗಾಲಿಕುರ್ಚಿ ಇವೆಲ್ಲ ಕೇಂದ್ರದ ಎಡಿಪ್ ಯೋಜನೆಯಲ್ಲಿ ಸಿಗುತ್ತವೆ. ತಯಾರಿಸುವುದು ಕೇಂದ್ರ ಸರ್ಕಾರದ ಸಂಸ್ಥೆ ಅಲಿಮ್ಕೊ. ಪೋಷಕರ ತಿಂಗಳ ಆದಾಯ 22,500 ರೂ. ಒಳಗಿದ್ದರೆ ಪೂರ್ತಿ ಉಚಿತ, 30,000ದವರೆಗೆ ಅರ್ಧ ಬೆಲೆ. ಶಿಬಿರಗಳು ಎರಡು ಹಂತದಲ್ಲಿ ನಡೆಯುತ್ತವೆ: ಮೊದಲು ಅಳತೆ, ತಿಂಗಳುಗಳ ನಂತರ ವಿತರಣೆ. ಈ ನಡುವೆ ಮಗು ಬೆಳೆದಿರುತ್ತದೆ. ಚಿಕ್ಕದಾದ ಕ್ಯಾಲಿಪರ್ ಕಾಲಿಗೆ ಹುಣ್ಣು ಮಾಡುತ್ತದೆ, ಮನೆಯ ಮೂಲೆ ಸೇರುತ್ತದೆ. ಅಳತೆಯ ದಿನವೇ ಬೆಳವಣಿಗೆಗೆ ಎಷ್ಟು ಬಿಟ್ಟಿದ್ದೀರಿ ಎಂದು ಕೇಳಿ, ಕೊಡುವ ದಿನ ಅಲ್ಲೇ ಹಾಕಿಸಿ ನೋಡಿ, ಸರಿಯಾಗದಿದ್ದರೆ ಸಹಿ ಹಾಕುವ ಮುನ್ನ ಬರೆಸಿ. ಒಂದೇ ಸಾಧನವನ್ನು ಮತ್ತೆ ಪಡೆಯಲು ದೊಡ್ಡವರಿಗೆ ಮೂರು ವರ್ಷ ಕಾಯಬೇಕು, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷ ಸಾಕು. ಶಿಬಿರದಲ್ಲಿ ‘ಮೂರು ವರ್ಷ ಆಗಿಲ್ಲ’ ಎಂದರೆ ಈ ನಿಯಮ ನೆನಪಿಸಿ.

ಗ್ರಾಮ ಪಂಚಾಯಿತಿ ತನ್ನ ಅನುದಾನದಲ್ಲಿ ಶೇ. 5ನ್ನು ವಿಕಲಚೇತನರಿಗೆ ಖರ್ಚು ಮಾಡಬೇಕು. ಬೇಕಾದದ್ದನ್ನು ಹೆಸರಿಸಿ, ದರಪಟ್ಟಿ ಲಗತ್ತಿಸಿ ಪಿಡಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ಕ್ರಿಯಾಯೋಜನೆ ಆಗುವ ಮೊದಲೇ ಕೊಡಬೇಕು, ಆಮೇಲೆ ಕೊಟ್ಟರೆ ಮುಂದಿನ ವರ್ಷದ ಮಾತು.

ಶಾಲೆ

ಆರರಿಂದ ಹದಿನೆಂಟು ವರ್ಷದವರೆಗೆ ಶೇ. 40 ಮತ್ತು ಮೇಲ್ಪಟ್ಟ ವೈಕಲ್ಯವಿರುವ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕು 2016ರ ವಿಕಲಚೇತನರ ಕಾಯ್ದೆಯಲ್ಲೇ ಇದೆ. ಊರಿನ ಸರ್ಕಾರಿ ಶಾಲೆಗೆ ದಾಖಲಿಸಿ, ಶಾಲಾ ಮಕ್ಕಳ ದಾಖಲೆಯ ತಂತ್ರಾಂಶವಾದ ಎಸ್‌ಎಟಿಎಸ್‌ನಲ್ಲಿ ವಿಶೇಷ ಅಗತ್ಯದ ಮಗು ಎಂದು ಗುರುತು ಹಾಕಿಸಿ. ಅದು ಬಿಟ್ಟುಹೋದರೆ ಮಗು ಯಾವ ಪಟ್ಟಿಗೂ ಬರುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಗುವಿಗೆ ವರ್ಷಕ್ಕೆ 3,500 ರೂ. ಎಂದು ಕೇಳಿರುತ್ತೀರಿ. ಅದು ಪೋಷಕರ ಕೈಗೆ ಬರುವ ಹಣವಲ್ಲ, ಸಾಧನ, ಶಿಬಿರ, ಥೆರಪಿಗೆ ಇಲಾಖೆ ಬಳಸುವ ಹಣ. ಪ್ರಯಾಣ ಭತ್ಯೆ ಮತ್ತು ಬೆಂಗಾವಲು ಭತ್ಯೆಯನ್ನು ನೀವು ಕೇಳಬಹುದು. ಶಾಲೆಗೆ ಹೋಗಲಾಗದಷ್ಟು ತೀವ್ರವಾಗಿದ್ದರೆ ಗೃಹಾಧಾರಿತ ಶಿಕ್ಷಣ ಇದೆ. ಇದಕ್ಕೆಲ್ಲ ಕಾಣಬೇಕಾದವರು ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿರುವ, ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರು. ನಿಮ್ಮ ಮಗ ಹಿಡಿದುಕೊಂಡು ನಿಲ್ಲುತ್ತಾನೆ ಎಂದಿದ್ದೀರಿ, ಗೃಹಾಧಾರಿತಕ್ಕೆ ಬೇಗ ಒಪ್ಪಬೇಡಿ. ಮಕ್ಕಳ ನಡುವೆ ಇದ್ದರೆ ಮಾತು ಬರುವ ಸಾಧ್ಯತೆ ಹೆಚ್ಚು.

ರಾಜ್ಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಎಸ್‌ಎಸ್‌ಪಿ ತಂತ್ರಾಂಶದಲ್ಲಿ. ಒಂಬತ್ತು, ಹತ್ತನೇ ತರಗತಿಗೆ ಬಂದಾಗ ಕೇಂದ್ರದ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನ ಇದೆ: ಮನೆಯಿಂದ ಹೋಗುವವರಿಗೆ ತಿಂಗಳಿಗೆ 500, ಹಾಸ್ಟೆಲ್‌ನವರಿಗೆ 800, ಪುಸ್ತಕಕ್ಕೆ ವರ್ಷಕ್ಕೆ 1,000, ಅದರ ಮೇಲೆ ದೃಷ್ಟಿ ಮತ್ತು ಬೌದ್ಧಿಕ ವೈಕಲ್ಯಕ್ಕೆ ವರ್ಷಕ್ಕೆ 4,000, ಉಳಿದವಕ್ಕೆ 2,000 ರೂ. ಆದಾಯ ಮಿತಿ 2.5 ಲಕ್ಷ. ಇಲ್ಲೂ ಬೌದ್ಧಿಕ ವೈಕಲ್ಯ ದಾಖಲಾಗಿರುವುದೇ ವ್ಯತ್ಯಾಸ ಮಾಡುತ್ತದೆ.

ನಿಮ್ಮ ಅಣ್ಣನ ತೆರಿಗೆ

ಕಡಿತ ಸಿಗುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಂನಲ್ಲಿ ಅವಲಂಬಿತರೆಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು ಮಾತ್ರ. ತಂಗಿಯ ಮಗ ಆ ಪಟ್ಟಿಯಲ್ಲಿಲ್ಲ, ಖರ್ಚು ಪೂರ್ತಿ ಅವರೇ ಮಾಡಿದರೂ. ಸಂಬಳದಾರ ತಂದೆತಾಯಿ ಇದನ್ನು ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ: ಶೇ. 40ರಿಂದ ಮೇಲೆ 75,000 ರೂ., 80ರಿಂದ ಮೇಲೆ 1,25,000 ರೂ. ಕಡಿತ, ಖರ್ಚು ಎಷ್ಟೇ ಆಗಿರಲಿ ಮೊತ್ತ ಇಷ್ಟೇ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಇದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯಕ್ಕೆ 10-ಐಎ ನಮೂನೆಯ ಪ್ರಮಾಣಪತ್ರ ಬೇಕು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಆದ್ದರಿಂದ ಆ ನಂತರದ ವರ್ಷಗಳಿಗೆ ಕಲಂ ಮತ್ತು ನಮೂನೆಯ ಸಂಖ್ಯೆಯನ್ನು ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳಿ. ಪಿಎಫ್ ಕಟಾಯಿಸುವ ತಂದೆತಾಯಿ ಇನ್ನೊಂದನ್ನೂ ಗಮನಿಸಬೇಕು: ಸದಸ್ಯರು ತೀರಿಕೊಂಡರೆ ಮಕ್ಕಳ ಪಿಂಚಣಿ ಸಾಮಾನ್ಯವಾಗಿ 25 ವರ್ಷಕ್ಕೆ ನಿಲ್ಲುತ್ತದೆ, ಶಾಶ್ವತವಾಗಿ ಪೂರ್ಣ ವೈಕಲ್ಯವಿರುವ ಮಗುವಿಗೆ ಮಾತ್ರ ಜೀವನಪರ್ಯಂತ ಇರುತ್ತದೆ. ನಾಮನಿರ್ದೇಶನದಲ್ಲಿ ಆ ಮಗುವಿನ ಹೆಸರು ಸೇರಿಸಿಡುವುದು ಒಳ್ಳೆಯದು.

ಮಗನಿಗೆ ಹದಿನೆಂಟು ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ಅವನು ಸ್ವತಂತ್ರ ವಯಸ್ಕ. ಖಾತೆಯಲ್ಲಿ ಪೋಷಕರಾಗಿ ನಿಮ್ಮ ಸಹಿ ನಡೆಯುವುದಿಲ್ಲ. ಅವನಿಗೆ ತನ್ನ ವ್ಯವಹಾರ ನೋಡಿಕೊಳ್ಳಲು ಆಗದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯಿಂದ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಪಾಲಕತ್ವ ಪಡೆಯಬೇಕಾಗುತ್ತದೆ. ಅದಕ್ಕೆ ಇನ್ನೂ ಹನ್ನೆರಡು ವರ್ಷ ಇದೆ.

ಈಗ ಯಾವ ಕಚೇರಿಯಲ್ಲಾದರೂ ‘ಬರುವುದಿಲ್ಲ’ ಎಂದು ಬಾಯಿಮಾತಲ್ಲಿ ಕಳಿಸಿದರೆ ಲಿಖಿತ ಹಿಂಬರಹ ಕೇಳಿ. ಹಿಂಬರಹ ಕೊಡಬೇಕಾದಾಗ ಎಷ್ಟೋ ಅರ್ಜಿಗಳು ತಾವಾಗಿ ಮುಂದೆ ಸಾಗುತ್ತವೆ. ಕೊಟ್ಟರೆ, ಅದರ ಪ್ರತಿ, ಯುಡಿಐಡಿ ಪ್ರತಿ, ಅರ್ಜಿಯ ಸ್ವೀಕೃತಿ ಲಗತ್ತಿಸಿ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಬರೆಯಿರಿ. ಕನ್ನಡದಲ್ಲಿ ಬರೆದ ಸಾದಾ ಪತ್ರ ಸಾಕು, ವಕೀಲರು ಬೇಕಿಲ್ಲ. ವೈಕಲ್ಯದ ಶೇಕಡಾವಾರಿನ ಬಗ್ಗೆಯೇ ತಕರಾರಿದ್ದರೆ ಅದಕ್ಕೆ ಕಾಯ್ದೆಯಲ್ಲಿ ಬೇರೆ ಮೇಲ್ಮನವಿಯ ದಾರಿ ಇದೆ, ತಡಮಾಡದೆ ಜಿಲ್ಲಾ ಶಸ್ತ್ರಚಿಕಿತ್ಸಕರ ಕಚೇರಿಯಲ್ಲಿ ಮೇಲ್ಮನವಿ ಪ್ರಾಧಿಕಾರ ಯಾವುದೆಂದು ಕೇಳಿ ಅರ್ಜಿ ಕೊಡಿ.